ಸೋಮವಾರದ ಮೊದಲ ಅವರ್

ಚಿಕ್ಕಮ್ಮ, ಕ್ಲಾಸ್ ಮುಗಿಸ್ಕೊಂಡು ಬಂದು ಈಗ ನೋಡ್ದೆ ಫ್ಯಾಮಿಲಿ ಗ್ರೂಪಲ್ಲಿ ನಿಮ್ಮ ಮೆಸೇಜು. ಪಿಯುಸಿಲಿ ಮ್ಯಾಥ್ಸ್‌ಗೆ 95 ತಗೊಂಡ ಪುಟ್ಟ ಎಂಜಿನಿಯರಿಂಗ್ ಮೊದಲ ಇಂಟರ್ನಲ್ಸ್‌ಲಿ (ಕಾಲೇಜಲ್ಲೇ ಮಾಡೋ ಟೆಸ್ಟು) ಅರ್ಧಾನೂ ತಗೊಂಡಿಲ್ಲ, ರಾತ್ರಿಯೆಲ್ಲಾ ಓದ್ತೀನಿ ಅಂತಾನೆ, ಟ್ಯೂಷನ್‌ಗೆ ಹಾಕ್ಲಾ ಅಂತ ಕೇಳಿದೀರಿ. ದೊಡ್ಡಪ್ಪ ಅದರ ಕೆಳಗೆ ‘ಮೊದ್ಲು ಮೊಬೈಲ್ ಕಿತ್ಕೊಳ್ಳಿ’ ಅಂತ ಹಾಕಿದಾರೆ. ನನ್ ಕೇಳಿದ್ರೆ ಎರಡೂ ಬೇಡ. ಸ್ವಲ್ಪ ಉದ್ದ ಆಗುತ್ತೆ, ಅಡುಗೆ ಮಾಡ್ತಾನೇ ಕೇಳಿಸ್ಕೊಳ್ಳಿ.

ಅವನು ಓದ್ತಿಲ್ಲ ಅಂತ ನಂಗನ್ಸಲ್ಲ. ಪಿಯುಸಿಲಿ ಅವನ ಲೆಕ್ಕ ಇಡೋಕೆ ಕಾಲೇಜಿತ್ತು, ವಾರಕ್ಕೊಂದು ಟೆಸ್ಟಿತ್ತು, ಮನೇಲಿ ನೀವಿದ್ರಿ. ಇಲ್ಲಿ ಇಂಟರ್ನಲ್ಸ್ ಬರೋವರ್ಗೂ ಯಾರೂ ಕೇಳಲ್ಲ. ನಮ್ಮ ಕಾಲೇಜಲ್ಲೂ ಫಸ್ಟ್ ಸೆಮ್ ಮಕ್ಕಳು ಬೀಳೋದು ಇಲ್ಲೇ.

ಈ ವಿಟಿಯು, ಅಂದ್ರೆ ಅವನ ಯೂನಿವರ್ಸಿಟಿ, ಅದರ ಲೆಕ್ಕ ನೀವೂ ತಿಳ್ಕೊಂಡಿರಿ. ಅವನದು 2022ರ ಸ್ಕೀಮು, ಅಂದ್ರೆ ಆ ವರ್ಷ ಬಂದ ಸಿಲಬಸ್ಸು, ಮಾರ್ಕ್ಸ್ ರೂಲ್ಸು. ಪ್ರತಿ ಸಬ್ಜೆಕ್ಟ್‌ಗೆ 50 ಮಾರ್ಕ್ಸು ಕಾಲೇಜಲ್ಲೇ, ಇಂಟರ್ನಲ್ಸು ಅಸೈನ್‌ಮೆಂಟು ಎಲ್ಲಾ ಸೇರಿ. ಅದ್ರಲ್ಲಿ 20 ಬರ್ಲೇಬೇಕು. ಸೆಮ್ ಕೊನೇಲಿ ಯೂನಿವರ್ಸಿಟಿ ಮಾಡೋ ಎಕ್ಸ್‌ಟರ್ನಲ್ 100ಕ್ಕೆ ಬರ್ದು 50ಕ್ಕೆ ಇಳಿಸ್ತಾರೆ, ಅಲ್ಲಿ 18 ಬೇಕು. ಆದ್ರೆ ಒಟ್ಟು 40 ಆಗ್ಬೇಕು. ಇಪ್ಪತ್ತೂ ಹದಿನೆಂಟೂ ಕೂಡ್ಸಿ ನೋಡಿ, 38. ಎರಡು ಕಡೆನೂ ದಾಟಿದೀನಿ ಅಂದ್ಕೊಂಡೋನು ಫೇಲು! ಇದನ್ನ ರಿಸಲ್ಟ್ ದಿನ ತಿಳ್ಕೊಳ್ಳೋ ಮಕ್ಕಳಿದಾರೆ.

ಅಟೆಂಡೆನ್ಸ್ ಬಗ್ಗೆ ಹೇಳೋದು ನಿಮಗೇ, ಬೇಜಾರ್ ಮಾಡ್ಕೋಬೇಡಿ. 85 ಪರ್ಸೆಂಟ್ ಬೇಕು, ಅದೂ ಒಂದೊಂದು ಸಬ್ಜೆಕ್ಟ್‌ಗೂ ಬೇರೆ ಬೇರೆ. ಒಂದು ಸಬ್ಜೆಕ್ಟ್‌ಗೆ 40 ಕ್ಲಾಸ್ ಇದ್ರೆ ತಪ್ಪಿಸ್ಕೊಳ್ಳೋಕೆ ಇರೋದು ಆರೇ. ಅವನ ಟೈಮ್‌ಟೇಬಲ್ ತರ್ಸಿ ನೋಡ್ದೆ, ಸೋಮವಾರ ಬೆಳಿಗ್ಗೆ ಮೊದಲ ಎರಡು ಅವರ್ (ಪೀರಿಯಡ್) ಕೂಡ ಮ್ಯಾಥ್ಸೇ. ಹಬ್ಬ, ನಾಮಕರಣ, ಪಕ್ಕದ್ಮನೆ ಗೃಹಪ್ರವೇಶ ಅಂತ ಕರ್ಸ್ತೀರಿ, ಭಾನುವಾರ ರಾತ್ರಿ ಊಟ ಮಾಡ್ಕೊಂಡು ಬೆಳಿಗ್ಗೆ ಹೋಗು ಅಂತೀರಿ. ಮೂರು ಸೋಮವಾರ ಹಿಂಗಾದ್ರೆ ಆರೂ ಖಾಲಿ. ಆಮೇಲೆ ನಿಜವಾಗ್ಲೂ ಜ್ವರ ಬಂದ್ರೆ? ಬರ್ಲಿ ಪಾಪ, ಮನೆ ಊಟ ತಿನ್ಲಿ, ಆದ್ರೆ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹತ್ಸಿಬಿಡಿ.

ಈಗ ಪುಟ್ಟ, ನೀನೂ ಗ್ರೂಪಲ್ಲಿದೀಯ, ಬ್ಲೂ ಟಿಕ್ ಕಾಣ್ತಿದೆ, ಕೇಳಿಸ್ಕೋ. ನಾಲ್ಕು ಬಣ್ಣದ ಸ್ಕೆಚ್ ಪೆನ್ನಲ್ಲಿ ಟೈಮ್‌ಟೇಬಲ್ ಬರ್ದು ಗೋಡೆಗೆ ಅಂಟಿಸೋದು ಬೇಡ ಕಣೋ. ಬರೆಯೋವಾಗ್ಲೇ ಓದ್ದಷ್ಟು ಖುಷಿ ಆಗೋಗುತ್ತೆ, ಅಲ್ಲಿಗೆ ಮುಗೀತು. ಒಂದು ಸಣ್ಣ ಡೈರಿ ಇಟ್ಕೋ. ಇಂಟರ್ನಲ್ಸ್, ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್ ಕೊಡೋ ದಿನ, ಎಲ್ಲಾ ಅದೊಂದ್ರಲ್ಲೇ ಇರ್ಲಿ. ಕ್ಲಾಸ್ ಗ್ರೂಪಲ್ಲಿ ಸಿಆರ್ (ಕ್ಲಾಸ್ ಲೀಡರ್) ಹಾಕಿದ್ದು ಇನ್ನೂರು ಸ್ಟಿಕ್ಕರ್ ಕೆಳಗೆ ಹೂತೋಗುತ್ತೆ, ಅದನ್ನ ನಂಬ್ಕೊಂಡು ಕೂರ್ಬೇಡ. ರೆಕಾರ್ಡ್‌ನ ಲ್ಯಾಬ್ ಆದ ದಿನ ಸಂಜೆನೇ ಬರಿ. ಅಬ್ಸರ್ವೇಷನ್ ಬುಕ್ಕಲ್ಲಿ ರೀಡಿಂಗ್ಸ್ ಇರುತ್ತೆ, ತಲೇಲೂ ಇರುತ್ತೆ, ಅರ್ಧ ಗಂಟೆ ಕೆಲಸ. ಕೊನೆ ವಾರಕ್ಕೆ ಬಿಟ್ರೆ ಗ್ರಾಫ್ ಶೀಟ್ ಹಿಡ್ಕೊಂಡು ಸೈನ್‌ಗೋಸ್ಕರ ಸ್ಟಾಫ್ ರೂಮ್ ಮುಂದೆ ಕ್ಯೂ ನಿಲ್ತೀಯ.

ರಾತ್ರಿಯೆಲ್ಲಾ ಓದೋದು ಅಂದ್ರೇನು ಅಂತ ನಂಗೊತ್ತು: ಸಾಲ್ವ್ ಮಾಡಿರೋ ಲೆಕ್ಕದ ಮೇಲೆ ಕಣ್ಣಾಡಿಸೋದು, ಅರ್ಥ ಆಯ್ತು ಅಂತ ಪೇಜ್ ತಿರುಗಿಸೋದು. ಶನಿವಾರ ಒಂದ್ಸಲ ನೋಟ್ಸ್ ಮುಚ್ಚಿಟ್ಟು, ಬರೀ ಹಾಳೆ ತಗೊಂಡು, ಹಳೇ ಕ್ವೆಶ್ಚನ್ ಪೇಪರ್‌ದು ಒಂದು ಫುಲ್ ಕ್ವೆಶ್ಚನ್ ಬರಿ. ಎಕ್ಸ್‌ಟರ್ನಲ್‌ಲಿ ಮೂರು ಗಂಟೇಲಿ ಐದು ಫುಲ್ ಕ್ವೆಶ್ಚನ್ನು, ಒಂದಕ್ಕೆ 36 ನಿಮಿಷ. ಮೊಬೈಲಲ್ಲಿ ಟೈಮರ್ ಇಡು (ನೋಡಿ ದೊಡ್ಡಪ್ಪ, ಇದಕ್ಕಾದ್ರೂ ಬೇಕು). ಮ್ಯಾಥ್ಸ್ ಸಿಲಬಸ್‌ನ ಐದು ಮಾಡ್ಯೂಲಲ್ಲಿ (ಭಾಗದಲ್ಲಿ) ಮೊದಲನೇದು ಪೋಲಾರ್ ಕರ್ವ್ಸ್ ಅಲ್ವಾ, ಅದನ್ನೇ ಬರಿ. ರೇಡಿಯಸ್ ವೆಕ್ಟರ್‌ಗೂ ಟ್ಯಾಂಜೆಂಟ್‌ಗೂ ನಡುವಿನ ಆ್ಯಂಗಲ್ ಕಂಡುಹಿಡಿಯೋದ್ರಲ್ಲಿ ಪೆನ್ನು ಎಲ್ಲಿ ನಿಲ್ಲುತ್ತೋ ಅಷ್ಟೇ ನಿಂಗೆ ಬಾರದೇ ಇರೋದು. ಅದನ್ನ ಸೋಮವಾರ ಹೋಗಿ ಸರ್ ಹತ್ರ ಕೇಳು. ಟ್ಯೂಷನ್‌ಗೆ ಕೊಡೋ ದುಡ್ಡು ಚಿಕ್ಕಮ್ಮನ ಹತ್ರಾನೇ ಇರ್ಲಿ.

ಮಾಡ್ಯೂಲ್ ಮಾತ್ರ ಯಾವ್ದನ್ನೂ ಪೂರ್ತಿ ಬಿಡ್ಬೇಡ. ಚಾಯ್ಸ್ ಇರೋದು ಮಾಡ್ಯೂಲ್ ಒಳಗೇ, ಎರಡರಲ್ಲಿ ಒಂದು. ಐದನೇದು ಬಿಟ್ರೆ ಸೀದಾ 20 ಮಾರ್ಕ್ಸ್ ಹೋಯ್ತು, ಬೇರೆ ಕಡೆ ಎಕ್ಸ್‌ಟ್ರಾ ಬರ್ದು ತುಂಬ್ಸೋಕಾಗಲ್ಲ. ಆಮೇಲೆ ಎಐಸಿಟಿಇ (ಎಂಜಿನಿಯರಿಂಗ್ ಕಾಲೇಜುಗಳಿಗೆ ರೂಲ್ಸ್ ಮಾಡೋ ಕೇಂದ್ರದ ಸಂಸ್ಥೆ) ಆ್ಯಕ್ಟಿವಿಟಿ ಪಾಯಿಂಟ್ಸ್, ಅಂದ್ರೆ ಪಾಠದ ಹೊರಗಿನ ಕೆಲಸಕ್ಕೆ ಕೊಡೋ ಪಾಯಿಂಟ್ಸು, ಡಿಗ್ರಿ ಮುಗಿಯೋಷ್ಟರಲ್ಲಿ ಒಟ್ಟು 100 ಬೇಕು, ಎನ್‌ಎಸ್‌ಎಸ್ ಕ್ಯಾಂಪ್‌ಗೆ ಹೋದಾಗ ಸರ್ಟಿಫಿಕೇಟ್ ಕೇಳಿ ತಗೊಂಡು ಒಂದು ಫೈಲಲ್ಲಿ ಹಾಕಿಡು.

ಚಿಕ್ಕಮ್ಮ, ನೀವು ದಿನಾ ಫೋನ್ ಮಾಡಿ ‘ಓದ್ದ್ಯಾ’ ಅಂತ ಕೇಳ್ಬೇಡಿ, ‘ಹೂಂ’ ಅಂತಾನೆ ಅಷ್ಟೇ. ಎರಡನೇ ಇಂಟರ್ನಲ್ಸ್ ಆದ್ಮೇಲೆ ಬ್ಲೂ ಬುಕ್ (ಇಂಟರ್ನಲ್ಸ್ ಬರೆಯೋ ಪುಸ್ತಕ) ವಾಪಸ್ ಕೊಟ್ಟಾಗ ಫೋಟೊ ತೆಗ್ದು ನಂಗೆ ಕಳ್ಸೋಕೆ ಹೇಳಿ. ಗ್ರೂಪ್‌ಗೆ ಬೇಡ, ನಂಗೊಬ್ಬಳಿಗೇ ಸಾಕು.