ಮನೆಯಲ್ಲೇ ಸ್ಲೈಡ್ ಫಿಲ್ಮ್ ತೊಳೆದವರು ಸ್ವಲ್ಪ ಹೇಳಿ

ಪ್ರಶ್ನೆ: ಕಪ್ಪು-ಬಿಳುಪು ರೋಲ್‌ಗಳನ್ನು ಮನೆಯಲ್ಲೇ ತೊಳೆದು ರೂಢಿ ಇದೆ. ಈಗ ಎಕ್ಟಾಕ್ರೋಮ್ ಇ100 ಅನ್ನೋ ಸ್ಲೈಡ್ ಫಿಲ್ಮ್ (ನೆಗೆಟಿವ್ ಅಲ್ಲ, ನೇರವಾಗಿ ಬಣ್ಣದ ಚಿತ್ರವೇ ಬರೋದು) ರೋಲ್‌ಗಳು ಸೇರಿಕೊಂಡಿವೆ. ಫಸ್ಟ್ ಡೆವಲಪರ್, ಕಲರ್ ಡೆವಲಪರ್, ಬ್ಲಿಕ್ಸ್ ಅಂತ ಮೂರು ಕೆಮಿಕಲ್‌ನ ಇ-6 (ಸ್ಲೈಡ್ ತೊಳೆಯೋ ವಿಧಾನ) ಕಿಟ್ ತರಿಸಿ ನಾನೇ ತೊಳೆಯೋಣ ಅಂತಿದ್ದೇನೆ. ಟೆಂಪರೇಚರ್ ಒಂಚೂರು ತಪ್ಪಿದರೂ ಎಲ್ಲಾ ಹಾಳು ಅಂತ ಹೆದರಿಸುತ್ತಾರೆ. ಅಷ್ಟೊಂದು ಕಷ್ಟವಾ?

ಉತ್ತರ: ಧೈರ್ಯವಾಗಿ ಮಾಡಿ. ಅರ್ಧ ಕೆಲಸ ನಿಮಗೆ ಆಗಲೇ ಗೊತ್ತಿದೆ. ಫಸ್ಟ್ ಡೆವಲಪರ್ ಅನ್ನೋದು ಕಪ್ಪು-ಬಿಳುಪು ಡೆವಲಪರ್ರೇ. ಅದು ಮೊದಲು ಬೆಳ್ಳಿಯ ನೆಗೆಟಿವ್ ಮಾಡುತ್ತದೆ. ಅದು ಮುಟ್ಟದೆ ಬಿಟ್ಟ ಭಾಗವೇ ಆಮೇಲೆ ಬಣ್ಣದ ಚಿತ್ರ ಆಗುತ್ತದೆ. ಹಾಗಾಗಿ ಇಲ್ಲಿ ಕಡಿಮೆ ಆದರೆ ಸ್ಲೈಡ್ ಕಪ್ಪಾಗುತ್ತದೆ, ಜಾಸ್ತಿ ಆದರೆ ಬಿಳಚಿಕೊಳ್ಳುತ್ತದೆ. ನೆಗೆಟಿವ್ ಆಗಿದ್ದರೆ ಪ್ರಿಂಟ್ ಹಾಕುವಾಗ ಸರಿಮಾಡಬಹುದಿತ್ತು. ಸ್ಲೈಡ್‌ನಲ್ಲಿ ಬಂದದ್ದೇ ಬಂತು.

ಹೆದರಿಕೆಯನ್ನೆಲ್ಲ ಈ ಒಂದು ಹಂತಕ್ಕೆ ಇಟ್ಟುಕೊಳ್ಳಿ. 38 ಡಿಗ್ರಿ, ಅದರಲ್ಲಿ ಕೊಡಾಕ್ ಒಪ್ಪುವುದು ಬರೀ 0.3 ಡಿಗ್ರಿ ಆಚೀಚೆ. ಕಲರ್ ಡೆವಲಪರ್‌ಗೆ ಸ್ವಲ್ಪ ಸಡಿಲ. ಕೊನೆಗೆ ಬೆಳ್ಳಿಯನ್ನೆಲ್ಲ ತೆಗೆಯೋ ಬ್ಲಿಕ್ಸ್‌ಗೆ ಇನ್ನೂ ಸಡಿಲ. ಒಂದೆರಡು ನಿಮಿಷ ಜಾಸ್ತಿ ಬಿಟ್ಟರೂ ಏನೂ ಆಗಲ್ಲ.

ಬಾಟಲಿಯಲ್ಲಿ ಸರಿಯಾಗಿ 38 ಇದ್ದರೂ ಸ್ಲೈಡ್ ಕಪ್ಪಾಗುವುದುಂಟು. ಬಿಸಿ ಕದಿಯೋದು ತಣ್ಣಗಿರೋ ಟ್ಯಾಂಕ್ ಮತ್ತು ರೀಲ್. ಅದಕ್ಕೇ ಮೊದಲು 39 ಡಿಗ್ರಿ ನೀರು ಹಾಕಿ ಒಂದೆರಡು ನಿಮಿಷ ಬಿಡಿ. ಆ ನೀರು ಚೆಲ್ಲಿ, ಆಮೇಲೆ ಡೆವಲಪರ್ ಹಾಕಿ. ಟ್ಯಾಂಕ್ ಕುತ್ತಿಗೆವರೆಗೂ ಬಿಸಿನೀರಿನ ಟಬ್‌ನಲ್ಲೇ ಕೂತಿರಲಿ, ಅಲ್ಲಾಡಿಸುವಾಗ ಮಾತ್ರ ಎತ್ತಿ. ಟಬ್‌ಗೆ ಸೂ ವೀಡ್ ಹೀಟರ್ (ನೀರನ್ನು ಹೇಳಿದ ಡಿಗ್ರಿಯಲ್ಲೇ ಇಡೋ ಅಡುಗೆ ಸಾಧನ) ಹಾಕಿದರೆ ತಲೆನೋವೇ ಇಲ್ಲ. ಥರ್ಮಾಮೀಟರನ್ನು ಟಬ್‌ನಲ್ಲಿ ಅದ್ದಿ ಸಮಾಧಾನಪಡಬೇಡಿ, ಬಾಟಲಿಯೊಳಗೇ ನೋಡಿ.

ಕೊಡಾಕ್ ಲೆಕ್ಕದಲ್ಲಿ ಫಸ್ಟ್ ಡೆವಲಪರ್‌ಗೆ 6 ನಿಮಿಷ. ಕಿಟ್‌ಗಳಲ್ಲಿ ಬೇರೆ ಇರುತ್ತದೆ, ನಿಮ್ಮ ಕಿಟ್‌ನ ಚೀಟಿ ಹೇಳಿದ್ದೇ ಸರಿ.

ಉತ್ತರ: ಥರ್ಮಾಮೀಟರ್ ಮಾತು ಬಂತಲ್ಲ, ದುಬಾರಿಯದು ಬೇಕಿಲ್ಲ. ಜ್ವರ ನೋಡೋ ಡಿಜಿಟಲ್ ಥರ್ಮಾಮೀಟರ್ ಸರಿಯಾಗಿ ತೋರಿಸೋದೇ ಈ 38ರ ಆಸುಪಾಸಿನಲ್ಲಿ. ಒಂದು ಲೋಟ ಬಿಸಿನೀರಿನಲ್ಲಿ ಎರಡನ್ನೂ ಒಟ್ಟಿಗೆ ಅದ್ದಿ. ನಿಮ್ಮದು ಎಷ್ಟು ಹೆಚ್ಚುಕಮ್ಮಿ ತೋರಿಸುತ್ತದೆ ಅಂತ ಗೊತ್ತಾಗುತ್ತದೆ. ಅದನ್ನು ಬರೆದು ಥರ್ಮಾಮೀಟರ್‌ಗೇ ಅಂಟಿಸಿಬಿಡಿ.

ಉತ್ತರ: ನನಗೆ ಕೇಳಿದರೆ ಟೆಂಪರೇಚರ್‌ಗಿಂತ ಗಲೀಜಿನದೇ ಭಯ ಜಾಸ್ತಿ. ಬ್ಲಿಕ್ಸ್‌ನ ಹನಿ ಡೆವಲಪರ್ ಬಾಟಲಿಗೆ ಬಿತ್ತೋ, ಅದರ ಕಥೆ ಮುಗೀತು. ಒಂದೊಂದಕ್ಕೂ ಬೇರೆ ಬೇರೆ ಫನಲ್, ಬೇರೆ ಬೇರೆ ಬಣ್ಣದ ಮುಚ್ಚಳ. ಫಸ್ಟ್ ಡೆವಲಪರ್ ಆದ ಮೇಲೆ ಚೆನ್ನಾಗಿ ತೊಳೆಯಿರಿ, ಅದು ಮುಂದಿನದಕ್ಕೆ ಹೋಗಬಾರದು. ಬ್ಲಿಕ್ಸ್ ಹಾಕಿ ಮುಚ್ಚಿ ಕುಲುಕಿದರೆ ಗ್ಯಾಸ್ ತುಂಬಿ ಮುಚ್ಚಳ ಹಾರುತ್ತದೆ. ಕಲರ್ ಡೆವಲಪರ್ ಮುಗಿದ ಮೇಲೆ ಬೆಳಕು ತಾಗಿದರೂ ತೊಂದರೆ ಇಲ್ಲ, ಹಾಗಾಗಿ ಮುಚ್ಚಳ ಸಡಿಲ ಮಾಡಿಯೇ ಬಿಡಿ. ಕಿಟಕಿ ತೆಗೆದಿರಲಿ, ಗ್ಲೌಸ್ ಇರಲಿ. ಕಲರ್ ಡೆವಲಪರ್ ಕೆಲವರ ಚರ್ಮಕ್ಕೆ ಆಗಿ ಬರುವುದೇ ಇಲ್ಲ.

ಮತ್ತೆ, ಒಂದೇ ರೋಲ್‌ಗೋಸ್ಕರ ಕಿಟ್ ಕಲಸಬೇಡಿ. ಕಲಸಿದ ಮೇಲೆ ಗಾಳಿ ತಾಗಿ ಫಸ್ಟ್ ಡೆವಲಪರ್ ಬೇಗ ಸತ್ತು ಹೋಗುತ್ತದೆ. ರೋಲ್‌ಗಳನ್ನು ಕೂಡಿಟ್ಟುಕೊಂಡು ಒಂದೆರಡು ದಿನದಲ್ಲಿ ಮುಗಿಸಿ. ಬಾಟಲಿ ಕಂಠಮಟ್ಟ ತುಂಬಿರಲಿ, ತುಂಬದಿದ್ದರೆ ಒಳಗೆ ಗೋಲಿ ಹಾಕಿ.

ಉತ್ತರ: ರೀಲಿನಿಂದ ಬಿಚ್ಚಿದಾಗ ಫಿಲ್ಮ್ ಹಾಲುಹಾಲಾಗಿ ಕಂಡರೆ ಗಾಬರಿ ಬೀಳಬೇಡಿ. ಒಣಗಿದಾಗ ತಿಳಿಯಾಗುತ್ತದೆ. ಕೊನೆಯಲ್ಲಿ ಅದ್ದೋ ದ್ರವ ಸ್ಟೆಬಿಲೈಜರ್‌ಗೆ ಮಾತ್ರ ರೀಲ್ ಸಮೇತ ಅದ್ದಬೇಡಿ, ಆಮೇಲೆ ರೀಲ್ ಅಂಟಂಟಾಗಿ ಫಿಲ್ಮ್ ಏರುವುದೇ ಇಲ್ಲ.

ಒಣಗಿದ ಮೇಲೆ ಚಿತ್ರಕ್ಕಿಂತ ಮೊದಲು ಅಂಚು ನೋಡಿ. ಫ್ರೇಮ್‌ಗಳ ನಡುವಿನ ಜಾಗ ಕಡುಕಪ್ಪಾಗಿರಬೇಕು, ಅಂಚಿನ ನಂಬರ್‌ಗಳು ಎದ್ದು ಕಾಣಬೇಕು. ಹಾಗಿದ್ದೂ ಚಿತ್ರ ಕಪ್ಪಾಗಿದ್ದರೆ ತಪ್ಪು ಕ್ಯಾಮೆರಾದ್ದು, ಕಿಟ್ಟಿನದಲ್ಲ. ನಂಬರ್‌ಗಳೂ ಮಂಕಾಗಿದ್ದರೆ ಫಸ್ಟ್ ಡೆವಲಪರ್ ತಣ್ಣಗಿತ್ತು ಅಥವಾ ಸೋತಿತ್ತು. ರೋಲ್ ಪೂರ್ತಿ ಗಾಜಿನ ಹಾಗೆ ಖಾಲಿ ಬಂದರೆ ಬ್ಲಿಕ್ಸ್ ಮೊದಲು ಹೋಗಿದೆ ಅಂತ ಅರ್ಥ, ಬಾಟಲಿ ಅದಲುಬದಲಾಗಿದೆ. ಬೇಕೆಂದೇ ಒಂದು ಸ್ಟಾಪ್ ಕಮ್ಮಿ, ಅಂದರೆ ಅರ್ಧ ಬೆಳಕಿನಲ್ಲಿ ತೆಗೆದ ರೋಲ್‌ಗೆ ಫಸ್ಟ್ ಡೆವಲಪರ್‌ನಲ್ಲಿ ಸುಮಾರು ಎರಡು ನಿಮಿಷ ಜಾಸ್ತಿ ಕೊಡಿ. ಉಳಿದದ್ದೆಲ್ಲ ಹಾಗೇ.

ಕೇಳಿದವರು: ತುಂಬಾ ಥ್ಯಾಂಕ್ಸ್. ಹಳೇ ಕೊಡಾಕ್ರೋಮ್ ರೋಲ್ ಕೂಡ ಸಿಕ್ಕಿದೆ. ಅದನ್ನೂ ಇದರ ಜೊತೆಗೇ ಹಾಕಲಾ?

ಉತ್ತರ: ಬೇಡವೇ ಬೇಡ. ಅದನ್ನು ತೊಳೆಯೋ ವಿಧಾನವೇ ಬೇರೆ, ಕೆ-14 ಅಂತ. ಬಣ್ಣ ಹುಟ್ಟಿಸೋ ಪದಾರ್ಥ ಆ ಫಿಲ್ಮಿನಲ್ಲೇ ಇಲ್ಲ, ತೊಳೆಯುವಾಗ ಡೆವಲಪರ್‌ನಿಂದ ಬರಬೇಕಿತ್ತು. ಅದನ್ನು ಮಾಡುತ್ತಿದ್ದ ಕೊನೆಯ ಲ್ಯಾಬ್ 2010ರ ಡಿಸೆಂಬರ್ ಆದ ಮೇಲೆ ರೋಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಕಪ್ಪು-ಬಿಳುಪಾಗಿ ತೊಳೆಯಬಹುದು, ಅದು ನಿಮಗೆ ಗೊತ್ತಿರೋ ಕೆಲಸವೇ ಅಲ್ವಾ. ಹಿಂಬದಿಯ ಕಪ್ಪು ಲೇಪ ಮಾತ್ರ ಬೇರೆಯಾಗಿ ಉಜ್ಜಿ ತೆಗೆಯಬೇಕು. ಇ-6 ಟ್ಯಾಂಕಿಗೆ ಹಾಕಿದರೆ ಆ ಮಸಿ ಎಲ್ಲಾ ಕೆಮಿಕಲ್‌ಗೂ ಸೇರುತ್ತದೆ.