ಬಸ್ಸಿನಲ್ಲಿ ಓದಲಿಕ್ಕೆ ಒಂದು ಕಾದಂಬರಿ ಬೇಕು: ಈ ವರ್ಷ ನಿಮಗೆ ಹಿಡಿಸಿದ್ದು ಯಾವುದು?

ಕೇಳಿದವರು, ಉಡುಪಿ

ನಮಸ್ಕಾರ. ಮನೆ ಉಡುಪಿ, ಕೆಲಸ ಮಂಗಳೂರು. ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುವುದಕ್ಕೇ ಮೂರು ಗಂಟೆ. ಕಾಲೇಜಿನಲ್ಲಿರುವಾಗ ವಾರಕ್ಕೆರಡು ಕಾದಂಬರಿ ಮುಗಿಸುತ್ತಿದ್ದೆ. ಈಗ ನಾಲ್ಕು ವರ್ಷದಿಂದ ಒಂದನ್ನೂ ಕೊನೆ ಮುಟ್ಟಿಸಿಲ್ಲ, ಹತ್ತು ಪುಟ ಆಗುವಾಗ ಕೈ ಮೊಬೈಲಿಗೆ ಹೋಗ್ತದೆ. ಹಾಗಾಗಿ ಕಥೆಯೇ ಎಳೆದುಕೊಂಡು ಹೋಗುವಂಥದ್ದು ಬೇಕು. ಪತ್ತೇದಾರಿ, ಸಾಹಸ, ವೈಜ್ಞಾನಿಕ, ಮಾಟಮಂತ್ರ, ಯಾವುದಾದರೂ ಸರಿ. ಈ ವರ್ಷ ನೀವು ಓದಿದ್ದರಲ್ಲಿ ಯಾವುದು ಹೆಚ್ಚು ಹಿಡಿಸಿತು? ಹಳೆಯ ಪುಸ್ತಕವಾದರೂ ಅಡ್ಡಿ ಇಲ್ಲ. ಬರೀ ಹೆಸರು ಬೇಡ, ಓದುವಾಗ ಎಂತ ಆಯಿತು ಅಂತ ಹೇಳಿ. ನಾನು ಮುಗಿಸಿದ್ದನ್ನು ಅಮ್ಮನೂ ಓದುತ್ತಾರೆ, ಅವರಿಗೆ ರಕ್ತಪಾತ ಆಗುವುದಿಲ್ಲ.

ಸುರತ್ಕಲ್‌ನಿಂದ

ನನ್ನದು ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’, 1994ರದ್ದು. ಪಿಯುಸಿಯಲ್ಲಿ ಒಂದು ಸಲ ಓದಿದ್ದೆ, ಆಗ ಅದರ ಓಟ ಮಾತ್ರ ಕಂಡಿತ್ತು. ಈ ಮಳೆಗಾಲ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಪೇಪರ್ ಸಹ ಓದುವ ಹಾಗಿರಲಿಲ್ಲ, ಮನೆಯಲ್ಲಿ ಚಡಪಡಿಸುತ್ತಿದ್ದರು. ರಾತ್ರಿ ಊಟ ಆದ ಮೇಲೆ ದಿನಕ್ಕೆ ಇಪ್ಪತ್ತು ಪುಟದಂತೆ ನಾನೇ ಗಟ್ಟಿಯಾಗಿ ಓದಿ ಹೇಳಲು ಶುರು ಮಾಡಿದೆ.

ಅಪ್ಪ ಮೂವತ್ತು ವರ್ಷ ಬಂದರಿನ ಒಂದು ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಕಾದಂಬರಿಯಲ್ಲಿ ಸುರೇಶ, ಗೌರಿ ಎಂಬ ಗಂಡ ಹೆಂಡತಿ ಏಲಕ್ಕಿ ಮಾರಲು ಪೇಟೆಗೆ ಬರುತ್ತಾರಲ್ಲ, ಅಲ್ಲಿಂದ ಅಪ್ಪ ಎದ್ದು ಕೂತರು. ದಲ್ಲಾಳಿ ಗೋಣಿಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಮೂಸಿ, ರೇಟು ಹೇಳದೆ ಸುಮ್ಮನಾಗುವುದು ಹೇಗೆ ಅಂತ ನನಗೆ ಮಾಡಿ ತೋರಿಸಿದರು. ಮುಂದೆ ಕಥೆಗೆ ವೇಗ ಬಂದಾಗಲೆಲ್ಲ ಅವರದ್ದು ಒಂದೇ ಪ್ರಶ್ನೆ: “ಆ ದುಡ್ಡು ಈಗ ಎಲ್ಲಿಟ್ಟಿದ್ದಾನೆ ಮಾರಾಯ?” ಇಡೀ ಕಥೆ ನಡೆಯುವುದು ಹೆಚ್ಚುಕಡಿಮೆ ಒಂದು ದಿನದೊಳಗೆ. ನಾವು ಎರಡು ವಾರ ಓದಿದೆವು, ಒಂದು ರಾತ್ರಿಯೂ ಅವರು ನಿದ್ದೆ ತೂಗಲಿಲ್ಲ.

ಪಿಯುಸಿಯಲ್ಲಿ ಗೊತ್ತಾಗದೆ ಈಗ ಗೊತ್ತಾದದ್ದು ಒಂದುಂಟು. ಈ ಕಥೆಯನ್ನು ಕಿತ್ತು ಬೇರೆ ಊರಿನಲ್ಲಿ ನೆಡಲಿಕ್ಕೆ ಆಗುವುದಿಲ್ಲ. ಘಟ್ಟದ ಕಾಡು, ಏಲಕ್ಕಿಯ ವ್ಯಾಪಾರ, ಕಳ್ಳಸಾಗಣೆ ಎಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಅಪರಾಧ ಹುಟ್ಟುವುದೇ ಆ ಊರು ಹೊಟ್ಟೆ ಹೊರೆಯುವ ರೀತಿಯಿಂದ. ಎಷ್ಟೋ ಥ್ರಿಲ್ಲರ್‌ಗಳಲ್ಲಿ ಊರಿನ ಹೆಸರು ಬದಲಿಸಿದರೆ ಕಥೆಗೆ ಏನೂ ಆಗುವುದಿಲ್ಲ. ಅಂಥವು ಮುಗಿದ ಮರುದಿನಕ್ಕೆ ನನಗೆ ಮರೆತುಹೋಗ್ತವೆ. ನಡುವೆ ಹಳೆಯ ಕಾವ್ಯವೊಂದರಲ್ಲಿ ಕೆಂಪು ರತ್ನದ ಸುಳಿವು ಅಡಗಿರುವ ಭಾಗ ಬರುತ್ತದೆ. ಬಸ್ಸಿನ ಗಲಾಟೆಯಲ್ಲಿ ಅದು ತಲೆಗೆ ಹೋಗುವುದು ಕಷ್ಟ, ಹಾಗಂತ ಹಾರಿಸಬೇಡಿ. ಮನೆಯಲ್ಲಿ ಓದಿ.

ಕಾರ್ಕಳದಿಂದ

ಸುರತ್ಕಲ್‌ನ ಅಣ್ಣ ಹೇಳಿದ್ದು ಸರಿ. ಆದರೆ ಓದು ಬಿಟ್ಟುಹೋದವರಿಗೆ ಮೊದಲು ‘ಕರ್ವಾಲೊ’ ಕೊಡಬೇಕು ಅಂತ ನನ್ನ ಅಭಿಪ್ರಾಯ. ತೇಜಸ್ವಿಯವರದ್ದೇ, 1980ರದ್ದು. ತೆಳ್ಳಗಿನ ಪುಸ್ತಕ, ಅಧ್ಯಾಯಗಳು ಸಣ್ಣವು, ಪಡುಬಿದ್ರಿಯಿಂದ ಮೂಲ್ಕಿಗೆ ಬರುವಷ್ಟರಲ್ಲಿ ಒಂದು ಮುಗಿಯುತ್ತದೆ. ಜೇನಿನಿಂದ ಶುರುವಾಗಿ, ಮಂದಣ್ಣನ ಫಜೀತಿಗಳಲ್ಲಿ ನಗಿಸಿ, ಕೊನೆಗೆ ಕಾಡಿನೊಳಗೆ ಹಾರುವ ಓತಿಯ ಬೆನ್ನು ಹತ್ತಿಸುತ್ತದೆ. ಹುಡುಕಾಟ ಯಾವಾಗ ಶುರುವಾಯಿತು ಅಂತ ನಮಗೇ ತಿಳಿಯುವುದಿಲ್ಲ.

ಕಾದಂಬರಿಯ ಓತಿ ಕೋಟ್ಯಂತರ ವರ್ಷ ಹಿಂದಿನದ್ದು. ಆದರೆ ಹಾರುವ ಓತಿ ಅಂತ ಒಂದು ಜೀವಿ ನಿಜವಾಗಿ ನಮ್ಮ ಅಡಿಕೆ ತೋಟಗಳಲ್ಲೇ ಉಂಟು. ಏಪ್ರಿಲ್‌ನಲ್ಲಿ ಪುಸ್ತಕ ಮುಗಿಸಿ ಅಜ್ಜನ ಮನೆಗೆ ಹೋದಾಗ ಎರಡು ದಿನ ಬೆಳಿಗ್ಗೆ ಮರದ ಬುಡದಲ್ಲಿ ಕುತ್ತಿಗೆ ಎತ್ತಿ ಕಾದೆ. ಎರಡನೇ ದಿನ ಕಂಡಿತು. ಅಡಿಕೆ ಮರದ ಬಣ್ಣವೇ ಅದರದ್ದು, ಗಂಟಲ ಕೆಳಗಿನ ಹಳದಿ ಚರ್ಮ ಬಿಚ್ಚಿ ಮುಚ್ಚಿದಾಗ ಮಾತ್ರ ಗುರುತು ಸಿಕ್ಕಿತು. ಆಮೇಲೆ ಪಕ್ಕೆ ಅಗಲಿಸಿ ಪಕ್ಕದ ಮರಕ್ಕೆ ತೇಲಿಹೋಯಿತು. ಚಿಕ್ಕಂದಿನಿಂದ ಓಡಾಡಿದ ತೋಟ ಅದು, ನಾನು ಮೇಲೆ ನೋಡಿರಲೇ ಇಲ್ಲ. ಈ ವರ್ಷ ಯಾವ ಪುಸ್ತಕವೂ ನನಗೆ ಇಷ್ಟು ಕೊಟ್ಟಿಲ್ಲ.

ಬಂಟ್ವಾಳದಿಂದ

ಭಯದ್ದು ಬೇಕಾದರೆ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’. ತೆಲುಗಿನದ್ದು, ಕನ್ನಡದಲ್ಲಿ ಸಿಗುತ್ತದೆ. ಪುಟ ತಿರುಗಿಸದೆ ಇರಲಿಕ್ಕೆ ಆಗುವುದಿಲ್ಲ. ಆದರೆ ಮಾಟಕ್ಕೆ ಸಿಕ್ಕಿ ನರಳುವುದು ಚಿಕ್ಕ ಹುಡುಗಿ. ನನ್ನ ಮಗಳಿಗೂ ಅದೇ ಪ್ರಾಯ, ಅರ್ಧದಲ್ಲಿ ಮುಚ್ಚಿಟ್ಟೆ. ಅಮ್ಮನಿಗೆ ಕೊಡಬೇಡಿ.

ಮಣಿಪಾಲದಿಂದ

ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ನೋಡಿ. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಕಾಣುತ್ತದೆ. ಜೋಳದ ಆ ಜಾತಿ ಅಮೆರಿಕ ಖಂಡದ್ದು, ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಹಾಗಾದರೆ ಅದಕ್ಕೂ ಹಿಂದಿನ ಕಲ್ಲಿನಲ್ಲಿ ಅದು ಹೇಗೆ ಬಂತು? ಲೇಖಕರು ಕೃಷಿ ವಿಜ್ಞಾನಿ, ಈ ಒಂದು ಪ್ರಶ್ನೆ ಹಿಡಿದು ರೋಚಕ ಕಥೆ ಕಟ್ಟುತ್ತಾರೆ. ಪಾತ್ರಗಳು ಕೆಲವು ಕಡೆ ಪಾಠ ಮಾಡಿದ ಹಾಗೆ ಮಾತಾಡುತ್ತವೆ, ಅದು ನನಗೆ ಸೇರಲಿಲ್ಲ. ಒಗಟು ಮಾತ್ರ ಬಿಡಲಿಲ್ಲ. ದಸರಾ ರಜೆಯಲ್ಲಿ ಸೋಮನಾಥಪುರಕ್ಕೆ ಹೋಗಿ, ಎಲ್ಲರೂ ಗೋಪುರ ನೋಡುತ್ತಿದ್ದಾಗ ನಾನು ಮೂರ್ತಿಗಳ ಕೈಗಳನ್ನೇ ನೋಡುತ್ತ ಸುತ್ತು ಬಂದೆ.

ಉಡುಪಿಯಿಂದ, ನಿವೃತ್ತ ಶಿಕ್ಷಕ

ತಂಗಿ, ಎನ್. ನರಸಿಂಹಯ್ಯನವರ ಹೆಸರನ್ನು ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹೆಚ್ಚು ಶಾಲೆ ಕಂಡವರಲ್ಲ, ಬರೆದದ್ದು ನೂರಾರು ಪತ್ತೇದಾರಿ ಕಾದಂಬರಿ. ನಮ್ಮ ಕಾಲದಲ್ಲಿ ಬಾಡಿಗೆ ಲೈಬ್ರರಿಯಿಂದ ಶನಿವಾರ ತಂದದ್ದು ಭಾನುವಾರ ಸಂಜೆಗೆ ಮೂರು ಮನೆ ಸುತ್ತಿ ಬರುತ್ತಿತ್ತು. ನಾನು ಕನ್ನಡ ಸರಾಗವಾಗಿ ಓದಲು ಕಲಿತದ್ದು ಪಠ್ಯಪುಸ್ತಕದಿಂದ ಅಲ್ಲ, ಪತ್ತೇದಾರ ಪುರುಷೋತ್ತಮನಿಂದ. ಈ ವರ್ಷ ಒಂದು ಹಳೆಯ ಪ್ರತಿ ಸಿಕ್ಕಿತು, ರಟ್ಟು ಹೋಗಿತ್ತು. ಕಥೆ ಈಗ ಸರಳ ಅನ್ನಿಸಿತು ನಿಜ, ಆದರೂ ಕೂತಲ್ಲೇ ಮುಗಿಸಿದೆ. ಅದೇ ಪೀಳಿಗೆಯ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ನವೆಂಬರಿನಲ್ಲಿ ನಾವು ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ್ದು ಅವರು. ಇಂಥವರನ್ನು ಸಾಹಿತ್ಯ ಚರಿತ್ರೆಯಲ್ಲಿ ಒಂದೇ ಸಾಲಿಗೆ ಮುಗಿಸುವುದು ನನಗೆ ಇಂದಿಗೂ ನೋವು.

ಸಾಲಿಗ್ರಾಮದಿಂದ

ಅಮ್ಮನಿಗೆ ‘ಮೂಕಜ್ಜಿಯ ಕನಸುಗಳು’ ಕೊಟ್ಟು ಕಾಣಿ. ಕಾರಂತರು ನಮ್ಮ ಕೋಟದವರು ಅಂತ ಹೇಳುವುದಲ್ಲ. 1977ರ ಜ್ಞಾನಪೀಠ ಬಂದ ಮೇಲೆ ಅದನ್ನು ಎಲ್ಲರೂ ಪರೀಕ್ಷೆಗೆ ಕೂತ ಹಾಗೆ ಗಂಭೀರವಾಗಿ ಓದುತ್ತಾರೆ. ಒಂದು ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲವೇ ಕಾಣುವ ಅಜ್ಜಿ! ಮೊಮ್ಮಗ ಸುಬ್ಬರಾಯ ಒಂದೊಂದೇ ತಂದು ಅವಳ ಕೈಗಿಡುತ್ತಾನೆ, ಈ ಸಲ ಅಜ್ಜಿಗೆ ಎಂತ ಕಾಣ್ತದೆ ಅಂತ ನಾವು ಉಸಿರು ಹಿಡಿದು ಕಾಯಬೇಕು. ಅದ್ಭುತ ಕಥೆ ಅಂತಲೇ ತಿಳಿದು ಓದಿದರೆ ಪುಸ್ತಕ ಬೇರೆಯೇ ಆಗ್ತದೆ. ನಾನು ಈ ವರ್ಷ ಹಾಗೆ ಓದಿದೆ.

ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ಧನ್ಯವಾದ. ಹಂಪನಕಟ್ಟೆಯಲ್ಲಿ ‘ಕರ್ವಾಲೊ’ ಸಿಕ್ಕಿತು, ನಿನ್ನೆ ಮುಗಿಯಿತು. ನಾಲ್ಕು ವರ್ಷದ ಮೇಲೆ ಮೊದಲನೆಯದು. ಅಮ್ಮ ಮೂಕಜ್ಜಿಯನ್ನು ನನಗೆ ಕೊಡದೆ ತಲೆದಿಂಬಿನ ಅಡಿ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಅಜ್ಜಿಯ ಕಾಲದ ಹಿತ್ತಾಳೆಯ ಅರಶಿನ ಕುಂಕುಮದ ಭರಣಿಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದರು. ನಾನು ಏನೂ ಕೇಳಲಿಲ್ಲ. ಸೋಮವಾರದಿಂದ ‘ಜುಗಾರಿ ಕ್ರಾಸ್’.