ಟೆರೇಸು ನಮ್ಮದು, ಹುಡುಗರು ಯಾರವರೋ

ಬಾಸ್ಟನ್ ಅಕ್ಕ: 📷 ಮಗಳ ಸ್ಕೂಲಿಂದ ನಮಗೆ ಬಂದ ನೋಟೀಸ್. 21 ತುಂಬದವರನ್ನ ನಿಮ್ಮ ಮನೇಲಿ ಕುಡಿಯೋಕೆ ಬಿಟ್ರೆ 2,000 ಡಾಲರ್‌ವರೆಗೂ ದಂಡ, ಒಂದು ವರ್ಷದವರೆಗೂ ಜೈಲು. ನಾವೇ ಕೊಡಿಸಬೇಕು ಅಂತಿಲ್ಲ, ಗೊತ್ತಿದ್ದೂ ಸುಮ್ನಿದ್ರೂ ಸಾಕು.

ಮೈಸೂರು ಮಾವ: ಅಮೆರಿಕದೋರ ಅತಿರೇಕ. ನಾಡಿದ್ದು ಪುಟ್ಟನ ಪಿಯುಸಿ ಪಾರ್ಟಿ, ನಮ್ಮ ಟೆರೇಸಲ್ಲೇ. ಹನ್ನೆರಡು ಹುಡುಗರು, ತಲಾ ಒಂದು ಬೀರ್. ನಾನು ಕೆಳಗೇ ಇರ್ತೀನಿ. ರಿಂಗ್ ರೋಡಲ್ಲಿ ಕದ್ದು ಕುಡಿಯೋದಕ್ಕಿಂತ ವಾಸಿ.

ಶೈಲಾ ಲಾಯರ್: ಮಾವ, ಇಲ್ಲೂ ಇದೆ. 2015ರ ಬಾಲನ್ಯಾಯ ಕಾಯ್ದೆ, ಸೆಕ್ಷನ್ 77. 18 ತುಂಬದವರಿಗೆ ಮದ್ಯ ಕೊಟ್ರೆ, ಕೊಡಿಸಿದ್ರೆ 7 ವರ್ಷದವರೆಗೂ ಕಠಿಣ ಸಜೆ, ಒಂದು ಲಕ್ಷದವರೆಗೂ ದಂಡ. 2024ರಲ್ಲಿ ಪುಣೆ ಪೋರ್ಷೆ ಕೇಸಲ್ಲಿ, ಅದೇ ಪಬ್ಬಲ್ಲಿ ಕುಡಿದು ಕಾರು ಗುದ್ದಿಸಿದ ಆರೋಪದ ಕೇಸಲ್ಲಿ, ಹುಡುಗನ ಅಪ್ಪನ್ನ ಹಿಡಿದದ್ದೂ ಇದೇ ಕಾಯ್ದೆಯಡಿ.

ಮೈಸೂರು ಮಾವ: ಅದು ಪಬ್ಬು, ಕಾರು. ಇದು ಮನೆ.

ಶೈಲಾ ಲಾಯರ್: ಸೆಕ್ಷನ್‌ಗೆ ಮನೆ, ಪಬ್ಬು ಎರಡೂ ಒಂದೇ.

ಮೈಸೂರು ಮಾವ: ಹುಡುಗರೇ ತಂದ್ಕೊಂಡ್ರೆ? ನಾನು ಕೊಟ್ಟ ಹಾಗಾಯ್ತಾ?

ಶೈಲಾ ಲಾಯರ್: ಅಕ್ಕನ ಊರಲ್ಲಿ ಆ ಸಂದಿ ಇಲ್ಲ. ಇಲ್ಲಿ ಕೋರ್ಟಲ್ಲಿ ವಾದ ಮಾಡ್ಬಹುದು. ಆದ್ರೆ ತರೋರು ನೀವೇ ಅಲ್ವಾ?

ಬಾಸ್ಟನ್ ಅಕ್ಕ: ಇಲ್ಲಿ ಸ್ವಂತ ಮಕ್ಕಳು, ಮೊಮ್ಮಕ್ಕಳನ್ನ ಆ ಸೆಕ್ಷನ್ನಿಂದ ಹೊರಗಿಟ್ಟಿದಾರೆ. ಬೇರೆಯೋರ ಮಕ್ಕಳ ವಿಷಯದಲ್ಲಿ ಬಿಡಲ್ಲ.

ಹಾಸನ ಚಿಕ್ಕಮ್ಮ: ಅಣ್ಣ, ನನ್ನ ತಕರಾರೂ ಅದೇ. ಉಳಿದ ಹನ್ನೊಂದು ಮನೆಯೋರ್ನ ಒಂದು ಮಾತು ಕೇಳಿದ್ಯಾ? ಪಾರ್ಟಿ ಅಂದ್ರೆ ಕೇಕು, ಪಫ್ಸು ಅಂತ ನಂಬಿ ಕಳಿಸ್ತಾರೆ. ರಾತ್ರಿ ಒಬ್ಬ ಸ್ಕೂಟರ್ ಹತ್ತಿದ್ರೆ ಕೀ ಕಿತ್ಕೊಳ್ಳೋರ್ಯಾರು? ಒಂಬತ್ತೂವರೆಗೇ ಗೊರಕೆ ಹೊಡೆಯೋ ನೀನಾ?

ದಾವಣಗೆರೆ ಭಾವ: 😂😂 ನಾವೂ ಆ ವಯಸ್ಸಲ್ಲಿ ಕುಡಿದೋರೇ, ಏನಾಯ್ತೀಗ?

ಹಾಸನ ಚಿಕ್ಕಮ್ಮ: ನಿಮ್ಮ ಹಲ್ಲುಸೆಟ್ಟನ್ನೇ ಕೇಳಿ.

ಮೈಸೂರು ಮಾವ: ಬರೋ ತಿಂಗಳು ಪುಟ್ಟನಿಗೆ 18. ಆಮೇಲೇ ಮಾಡ್ತೀನಿ, ಆಯ್ತಾ?

ಶೈಲಾ ಲಾಯರ್: ಉಳಿದೋರಿಗೆ? ಅಲ್ಲದೆ ನಮ್ಮ ಅಬಕಾರಿ ನಿಯಮದಲ್ಲಿ ಬಾರು, ವೈನ್ ಶಾಪಿನೋರು 21 ತುಂಬದವರಿಗೆ ಮಾರೋ ಹಾಗಿಲ್ಲ. 2023ರಲ್ಲಿ 18ಕ್ಕೆ ಇಳಿಸೋ ಕರಡು ತಂದು, ಜನ ಬೈದ ಮೇಲೆ ಕೈಬಿಟ್ರು.

ಮೈಸೂರು ಮಾವ: ಸರಿ, ಬೀರೂ ಬೇಡ, ಪಾರ್ಟಿನೂ ಬೇಡ.

ಮೈಸೂರು ಅತ್ತೆ: ಪಾರ್ಟಿ ಇದೆ. ಬಿರಿಯಾನಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಇವರು ತಂದಿಟ್ಟ ಬೀರ್ ಕೇಸ್ ಸ್ಟೋರ್‌ರೂಮಲ್ಲಿದೆ, ಬೀಗದಕೈ ನನ್ನ ಹತ್ರ. ಹನ್ನೊಂದು ಅಮ್ಮಂದಿರಿಗೂ ನಾನೇ ಫೋನ್ ಮಾಡ್ತೀನಿ.

ಮೈಸೂರು ಮಾವ: ಅದನ್ನೆಲ್ಲ ಗ್ರೂಪಲ್ಲಿ ಯಾಕೆ ಹಾಕ್ದೆ?